ಚಾರ್ಲ್ಸ್ ಬೆಸ್ಟ್

ಗಾಯದ ಬಾಯಲ್ಲಿ ರಕ್ತವು ಹೆಪ್ಪುಗಟ್ಟದಿದ್ದರೆ ಪ್ರಾಣಕ್ಕೆ ಅಪಾಯ. ರಕ್ತನಾಳದೊಳಗೆ ಹೆಪ್ಪುಗಟ್ಟಿದರೂ ಅಪಾಯವೇ. ಈ ಎರಡನೆಯ ಅಪಾಯವನ್ನು ತಡೆಯುವ ಔಷಧಗಳಲ್ಲಿ ಹೆಪರಿನ್ ಮುಖ್ಯವಾದುದು. ಅದರ ಪ್ರಮಾಣ ಕಡಿಮೆಯಾದರೆ ಫಲವಿಲ್ಲ, ಮಿತಿಮೀರಿದರೆ ರಕ್ತಸ್ರಾವ. ಈ ಔಷಧವನ್ನು ಶುದ್ಧಗೊಳಿಸಿ ರೋಗಿಗಳಿಗೆ ದೊರಕಿಸಿದ ತಂಡದ ನಾಯಕರು ಚಾರ್ಲ್ಸ್ ಬೆಸ್ಟ್.

ಬೆಸ್ಟ್ 1899ರ ಫೆಬ್ರವರಿ 27ರಂದು ಅಮೆರಿಕದ ಮೇನ್ ರಾಜ್ಯದಲ್ಲಿ ಜನಿಸಿದರು. ತಂದೆ ವೈದ್ಯರು. ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಅವರ ವ್ಯಾಸಂಗ ನಡೆಯಿತು. 1921ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಅವರು ಫ್ರೆಡರಿಕ್ ಬ್ಯಾಂಟಿಂಗ್‌ರ ಸಹಾಯಕರಾದರು. ಪ್ರಯೋಗದ ನಾಯಿಗಳ ರಕ್ತದಲ್ಲಿನ ಸಕ್ಕರೆಯನ್ನು ಅಳೆಯುವ ಹೊಣೆ ಬೆಸ್ಟ್‌ರದು. ಮಧುಮೇಹಿಗಳಿಗೆ ಜೀವದಾನ ಮಾಡಿದ ಇನ್ಸುಲಿನ್ ಆ ಪರಿಶ್ರಮದ ಫಲ. 1923ರ ನೊಬೆಲ್ ಪಾರಿತೋಷಕ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್‌ರಿಗೆ ಸಂದಿತು. ಬೆಸ್ಟ್‌ರ ಹೆಸರು ಅದರಲ್ಲಿರಲಿಲ್ಲ. ಬ್ಯಾಂಟಿಂಗ್ ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಅವರಿಗೆ ನೀಡಿದರು.

ಬೆಸ್ಟ್‌ರ ಸಂಶೋಧನೆ ಅಲ್ಲಿಗೆ ನಿಲ್ಲಲಿಲ್ಲ. ಪ್ರಾಣಿಗಳ ಯಕೃತ್ತಿನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಅಂಶವಿದೆಯೆಂಬುದನ್ನು ಜೇ ಮ್ಯಾಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ 1916ರಲ್ಲಿ ಪ್ರಕಟಿಸಿದ್ದರು. ಮುಂದೆ ದೊರೆತ ಹೆಪರಿನ್ ಅಶುದ್ಧವಾಗಿದ್ದುದರಿಂದ ಚಿಕಿತ್ಸೆಗೆ ಒದಗಲಿಲ್ಲ. ಬೆಸ್ಟ್ 1928ರ ಸುಮಾರಿಗೆ ಈ ಕಾರ್ಯವನ್ನು ಕೈಗೆತ್ತಿಕೊಂಡರು. ಆರ್ಥರ್ ಚಾರ್ಲ್ಸ್ ಮತ್ತು ಡೇವಿಡ್ ಸ್ಕಾಟ್ ದನಗಳ ಯಕೃತ್ತು, ಶ್ವಾಸಕೋಶಗಳಿಂದ ಅದನ್ನು ಬೇರ್ಪಡಿಸಿ ಶುದ್ಧಗೊಳಿಸಿದರು. 1935ರಲ್ಲಿ ಟೊರಾಂಟೊದಲ್ಲಿ ಅದನ್ನು ರೋಗಿಗಳಿಗೆ ಕೊಡಲಾಯಿತು.

ಪ್ರಾಣಿಗಳಿಂದ ಪಡೆದ ಈ ವಸ್ತುವಿನ ಶಕ್ತಿ ಪ್ರತಿ ಬಾರಿಯೂ ಒಂದೇ ಆಗಿರುವುದಿಲ್ಲ. ಆದುದರಿಂದ ತೂಕವೊಂದನ್ನೇ ನಂಬುವಂತಿಲ್ಲ. 1942ರಲ್ಲಿ ಇದಕ್ಕೆ ಅಂತಾರಾಷ್ಟ್ರೀಯ ಮಾನಕವು ಸಿದ್ಧವಾಯಿತು. ಗಾಜಿನ ನಳಿಕೆಗಳಲ್ಲಿ ಒಂದರೊಳಗೆ ಮಾನಕವನ್ನೂ ಇನ್ನೊಂದರೊಳಗೆ ಹೊಸ ಔಷಧವನ್ನೂ ಬೆರೆಸಿ, ಹೆಪ್ಪುಗಟ್ಟುವ ಕಾಲವನ್ನು ಹೋಲಿಸುತ್ತಿದ್ದರು. ನಳಿಕೆಯನ್ನು ಮತ್ತೆ ಮತ್ತೆ ಓರೆಮಾಡಿ ಕಣ್ಣಿಟ್ಟು ನೋಡಬೇಕಾಗಿತ್ತು. ಕಣ್ಣು ದಣಿದರೆ ಅಳತೆಯೂ ತಪ್ಪುತ್ತಿತ್ತು. ಮುಂದೆ ಯಂತ್ರಗಳು ಬಂದವು. ಅವು ದ್ರವಗಳನ್ನು ತಾವೇ ಅಳೆದು ಬೆರೆಸಿ, ಬೆಳಕಿನ ಕಿರಣದಲ್ಲಾಗುವ ಬದಲಾವಣೆಯಿಂದ ಹೆಪ್ಪುಗಟ್ಟಿದ ಕ್ಷಣವನ್ನು ಗುರುತಿಸುತ್ತವೆ.

ಬೆಸ್ಟ್ 1978ರ ಮಾರ್ಚ್ 31ರಂದು ನಿಧನರಾದರು. ಮೂವತ್ತು ವರ್ಷಗಳ ತರುವಾಯ, 2008ರಲ್ಲಿ, ಹೆಪರಿನ್‌ನಲ್ಲಿ ಕಲಬೆರಕೆ ಪತ್ತೆಯಾಯಿತು. ಬೆರೆತ ವಸ್ತುವೂ ಹೆಪ್ಪುಗಟ್ಟುವುದನ್ನು ತಡೆಯುತ್ತಿದ್ದುದರಿಂದ ಹಳೆಯ ಪರೀಕ್ಷೆ ಮೋಸಹೋಗಿತ್ತು. ಅಷ್ಟರಲ್ಲಿ ರೋಗಿಗಳ ಪ್ರಾಣಹಾನಿಯೂ ಸಂಭವಿಸಿತ್ತು. 2009ರಲ್ಲಿ ಅಮೆರಿಕದಲ್ಲಿ ಪರೀಕ್ಷಾಕ್ರಮವನ್ನೇ ಬದಲಿಸಿದರು. ಯಂತ್ರವು ದಣಿಯದೆ ಅಳೆಯಬಲ್ಲದು. ಆದರೆ ಏನನ್ನು ಅಳೆಯಬೇಕೆಂಬುದನ್ನು ಮನುಷ್ಯನೇ ವಿವೇಚಿಸಬೇಕು. ಅಳತೆಯಿಂದಲೇ ತಮ್ಮ ಸಾಧನೆಯನ್ನು ಆರಂಭಿಸಿದ ಬೆಸ್ಟ್‌ರ ಜೀವನವು ಈ ಎಚ್ಚರವನ್ನು ನಮಗೆ ಕಲಿಸುತ್ತದೆ.