ಕ್ಲೇರ್ವೋ ಮಠದ ಬೆರ್ನಾರ್ದನು

ಬೆರ್ನಾರ್ದನು 1090ರಲ್ಲಿ ಫ್ರಾನ್ಸ್ ದೇಶದ ದಿಜೋನ್ ಪಟ್ಟಣದ ಬಳಿ ಹುಟ್ಟಿ, 1115ರಲ್ಲಿ ಕ್ಲೇರ್ವೋ ಮಠವನ್ನು ಸ್ಥಾಪಿಸಿ ಅದರ ಅಧಿಪತಿಯಾದನು. ಕರ್ತನ ತಾಯಿಯಾದ ಮರಿಯಳನ್ನು ಅವನಷ್ಟು ಗೌರವಿಸಿದವರು ವಿರಳ. ಆದರೂ ಸುಮಾರು 1140ರಲ್ಲಿ ಲಿಯೋನ್ ಪಟ್ಟಣದ ಗುರುಗಳು, ಮರಿಯಳು ತನ್ನ ತಾಯಿಯ ಗರ್ಭದಲ್ಲಿ ಉತ್ಪನ್ನಳಾದ ದಿನವನ್ನು ಹಬ್ಬವಾಗಿ ಆಚರಿಸಲು, ಅವನು ಪತ್ರ ಬರೆದು ಆಕ್ಷೇಪಿಸಿದನು. ಹುಟ್ಟುವದಕ್ಕೆ ಮುಂಚೆ ಆಕೆ ಪರಿಶುದ್ಧಳಾದಳೆಂದು ಒಪ್ಪಿದರೂ, ಪಾಪವಿಲ್ಲದೆ ಗರ್ಭದಲ್ಲಿ ಉತ್ಪನ್ನನಾದವನು ಕ್ರಿಸ್ತನೊಬ್ಬನೇ ಎಂದು ವಾದಿಸಿ, ತೀರ್ಪನ್ನು ರೋಮ್ ಸಭೆಗೆ ಬಿಟ್ಟನು. 1153ರಲ್ಲಿ ತೀರಿಕೊಂಡನು.

ತರುವಾಯ ದುನ್ಸ್ ಸ್ಕೋತನೆಂಬ ಪಂಡಿತನು, ಬಿದ್ದವನನ್ನು ಎತ್ತುವದಕ್ಕಿಂತ ಬೀಳದಂತೆ ಕಾಯುವದು ಹೆಚ್ಚಿನ ರಕ್ಷಣೆ, ಕ್ರಿಸ್ತನ ಪುಣ್ಯದಿಂದಲೇ ಮರಿಯಳು ಹಾಗೆ ಕಾಯಲ್ಪಟ್ಟಳೆಂದು ಬೋಧಿಸಿದನು. 1854ರಲ್ಲಿ ಒಂಭತ್ತನೆಯ ಪಿಯುಸ್ ಪೋಪನು, ಮರಿಯಳು ಜನ್ಮಪಾಪವಿಲ್ಲದೆ ಉತ್ಪನ್ನಳಾದಳೆಂಬದನ್ನು ನಂಬಲೇಬೇಕಾದ ಉಪದೇಶವಾಗಿ ಸಾರಿದನು. ಸತ್ಯವೇದದಲ್ಲಿ ಇದನ್ನು ಕಾಣದ ನಾವು ಒಪ್ಪುವದಿಲ್ಲ. ತಾನು ಬಹಳವಾಗಿ ಪ್ರೀತಿಸಿದವಳನ್ನೂ ಸತ್ಯವೆಂದು ಕಂಡದ್ದಕ್ಕೆ ಮೀರಿ ಹೊಗಳದ ಬೆರ್ನಾರ್ದನಿಂದ ನಾವು ಕಲಿಯೋಣ.