ಮೈಕೇಲ್ ಫ್ಯಾರಡೆಯ ಜೀವಿತ

ಕನಕಪುರದಿಂದ ದಕ್ಷಿಣಕ್ಕೆ ಸಾಗಿದರೆ ದೊರೆಯುವ ಶಿವನಸಮುದ್ರದಿಂದ ೧೯೦೨ನೆಯ ಇಸವಿಯಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದುದನ್ನು ನಮ್ಮ ಸೀಮೆಯವರು ಬಲ್ಲರು. ಅಂತಹ ಯಂತ್ರಗಳಿಗೆ ಮೂಲಪುರುಷನಾದ ಮೈಕೇಲ್ ಫ್ಯಾರಡೆಯ ವೃತ್ತಾಂತವನ್ನು ನಾವು ವಾಚಕರ ಮುಂದಿಡುತ್ತೇವೆ.

ಆತನು ೧೭೯೧ನೆಯ ಇಸವಿ ಸೆಪ್ಟೆಂಬರ್ ೨೨ರಂದು ಲಂಡನ್ನಿನ ಬಳಿ ಬಡ ಕಮ್ಮಾರನೊಬ್ಬನ ಮಗನಾಗಿ ಜನಿಸಿದನು. ಓದು, ಬರಹ, ಲೆಕ್ಕಗಳಿಗಿಂತ ಹೆಚ್ಚಿನ ಶಾಲಾಭ್ಯಾಸವು ಲಭಿಸಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯನ್ನು ಸೇರಿ, ಅಲ್ಲಿಗೆ ಬಂದ ಗ್ರಂಥಗಳನ್ನೇ ಓದತೊಡಗಿದನು. ಜೇನ್ ಮಾರ್ಸೆಟ್ ಎಂಬ ಮಹಿಳೆಯು ವಿಶೇಷವಾಗಿ ಸ್ತ್ರೀಯರಿಗಾಗಿ ಬರೆದ ರಸಾಯನಶಾಸ್ತ್ರದ ಪುಸ್ತಕವು ಆತನ ಕಣ್ಣನ್ನು ತೆರೆಯಿತು. ಕೀರ್ತಿವಂತನಾದ ಮೇಲೂ ಆಕೆಯನ್ನೇ ತನ್ನ ಮೊದಲ ಗುರುವೆಂದು ಸ್ಮರಿಸುತ್ತಿದ್ದನು. ಇದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಲಿ. ೧೮೧೩ರಲ್ಲಿ ಸರ್ ಹಂಫ್ರಿ ಡೇವಿಯ ಸಹಾಯಕನಾಗಿ ರಾಯಲ್ ಇನ್‌ಸ್ಟಿಟ್ಯೂಷನ್ನನ್ನು ಸೇರಿದನು.

೧೮೩೧ರ ಅಕ್ಟೋಬರಿನಲ್ಲಿ ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ಬಿಲ್ಲೆಯನ್ನು ತಿರುಗಿಸಿ, ಅದರ ಅಚ್ಚಿಗೂ ಅಂಚಿಗೂ ತಂತಿಗಳನ್ನು ತಾಕಿಸಲು, ಎಡೆಬಿಡದ ವಿದ್ಯುತ್ಪ್ರವಾಹವು ಹರಿಯಿತು. ಅಷ್ಟಕ್ಕೆ ತೃಪ್ತನಾಗದೆ, ದುಂಡನೆಯ ಅಯಸ್ಕಾಂತವೊಂದರ ತುದಿಗೆ ಬಿಲ್ಲೆಯನ್ನು ಹೊಂದಿಸಿ ಪರೀಕ್ಷಿಸಿದನು. ಬಿಲ್ಲೆಯೊಂದೇ ತಿರುಗಿದರೆ ಪ್ರವಾಹವುಂಟು. ಅಯಸ್ಕಾಂತವೊಂದೇ ತಿರುಗಿದರೆ ಇಲ್ಲ. ಎರಡೂ ಕೂಡಿ ತಿರುಗಿದರೆ ಮತ್ತೆ ಉಂಟು! ಒಂದಕ್ಕೊಂದು ಸರಿಯದಿದ್ದರೂ ಪ್ರವಾಹವು ಹುಟ್ಟುವುದೆಂತು?

ಅಯಸ್ಕಾಂತವು ತಿರುಗಿದರೂ ಅದರ ಬಲರೇಖೆಗಳು ತಿರುಗುವುದಿಲ್ಲ, ಬಿಲ್ಲೆಯೇ ಅವನ್ನು ಕತ್ತರಿಸುತ್ತದೆ ಎಂಬುದು ಫ್ಯಾರಡೆಯ ಮತ. ರೇಖೆಗಳೂ ಜೊತೆಗೇ ತಿರುಗುತ್ತವೆ, ಆಗ ಹೊರಗೆ ನಿಂತಿರುವ ತಂತಿಯು ಕತ್ತರಿಸಲ್ಪಡುತ್ತದೆ ಎಂದು ಬೇರೆ ಪಂಡಿತರು ವಾದಿಸಿದರು. ತಂತಿಯ ಸುತ್ತು ಪೂರ್ಣವಾಗಿರುವಾಗ ಎರಡು ಲೆಕ್ಕಗಳೂ ಒಂದೇ ಉತ್ತರವನ್ನು ಕೊಡುವುದರಿಂದ ವಿವಾದವು ಬಹುಕಾಲ ತೀರಲಿಲ್ಲ. ಯಂತ್ರವು ನಡೆದರೆ ಸಾಕೆಂದು ಸುಮ್ಮನಾಗದೆ ಆತನು ೧೮೫೧ರಲ್ಲಿ ಪುನಃ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡುದು ನಮಗೆ ಆತನ ಹಿರಿಮೆಯಾಗಿ ತೋರುತ್ತದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾರ್ನೆಟ್, ಕೆನಾರ್ಡ್ ಎಂಬವರು ಸುತ್ತನ್ನು ಪೂರ್ಣಗೊಳಿಸದೆಯೇ ನಡೆಸಿದ ಪರೀಕ್ಷೆಗಳು ಫ್ಯಾರಡೆಯ ಪಕ್ಷಕ್ಕೆ ಒಲಿದವು.

ಚನ್ನಪಟ್ಟಣದ ಒಂದೇ ಬಣ್ಣದ ಅರಗಿನ ಬುಗುರಿಯನ್ನು ನೆನೆಯಿರಿ. ಅದು ನೆಟ್ಟಗೆ ನಿಂತು ತಿರುಗುವಾಗ ನೋಡುವವರಿಗೆ ಯಾವ ಬದಲಾವಣೆಯೂ ಕಾಣದು. ಅಂತೆಯೇ ಸಮನಾದ ದುಂಡು ಅಯಸ್ಕಾಂತವು ತನ್ನ ಅಚ್ಚಿನ ಮೇಲೆ ತಿರುಗಿದರೂ ಸುತ್ತಲಿನ ಅಯಸ್ಕಾಂತಕ್ಷೇತ್ರವು ಬದಲಾಗದು. ಆ ಕ್ಷೇತ್ರದಲ್ಲಿ ಬಿಲ್ಲೆಯೊಡನೆ ಸುತ್ತುವ ವಿದ್ಯುತ್ಕಣಗಳ ಮೇಲೆ ಬಲವು ಬಿದ್ದು ಪ್ರವಾಹವು ಹುಟ್ಟುತ್ತದೆ. ರೇಖೆಗಳಿಗೆ ತಮ್ಮದೇ ಆದ ಚಲನೆಯಿದೆಯೆಂದು ಇಂದಿನ ಶಾಸ್ತ್ರವು ಎಣಿಸುವುದಿಲ್ಲ.

ಫ್ಯಾರಡೆಯು ಸ್ಯಾಂಡಿಮನಿಯನ್ ಎಂಬ ಚಿಕ್ಕ ಕ್ರೈಸ್ತ ಸಭೆಗೆ ಸೇರಿದವನು. ೧೮೪೦ರಲ್ಲಿ ಅದರ ಹಿರಿಯನಾದನು. ೧೮೪೪ರಲ್ಲಿ ಆ ಸಭೆಯೇ ಆತನನ್ನು ಕೆಲಕಾಲ ಹೊರಗಿಟ್ಟಾಗಲೂ ಅದನ್ನು ತೊರೆಯದೆ ಕಾದಿದ್ದು ಮರಳಿ ಸೇರಿದನು. ಸರ್ ಎಂಬ ಬಿರುದನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷಪದವಿಯನ್ನೂ ಒಲ್ಲೆನೆಂದನು. ೧೮೬೭ನೆಯ ಇಸವಿ ಆಗಸ್ಟ್ ೨೫ರಂದು ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಪ್ರಾಣಬಿಟ್ಟನು. ಹೈಗೇಟಿನಲ್ಲಿರುವ ಸಮಾಧಿಯ ಕಲ್ಲಿನ ಮೇಲೆ ಹೆಸರೂ ಜನನಮರಣಗಳ ದಿನಗಳೂ ಮಾತ್ರ ಕೆತ್ತಲ್ಪಟ್ಟಿವೆ.