ಕಾಲುಂಗುರದ ಹಕ್ಕಿ, ಕಾಡಿನ ಉಣ್ಣೆ: ಡಾ. ಸಲೀಂ ಅಲಿಯವರ ಬದುಕು

ಸುವರ್ಣ ಮಹೋತ್ಸವದ ಸಂಚಿಕೆಗೆ ವಿಜ್ಞಾನಿಯೊಬ್ಬರ ಪರಿಚಯ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದವರು ಡಾ. ಸಲೀಂ ಅಲಿ. ಕಾರಣ ನಮ್ಮ ಸುತ್ತಮುತ್ತಲೇ ಇದೆ. ಚಳಿಗಾಲದಲ್ಲಿ ಯಲಹಂಕ, ಪುಟ್ಟೇನಹಳ್ಳಿ, ಜಕ್ಕೂರು, ಹೆಬ್ಬಾಳದ ಕೆರೆಗಳಲ್ಲಿ ಇಳಿಯುವ ಬಾತುಗಳನ್ನು ನೋಡುತ್ತಲೇ ನಮ್ಮ ಶಾಲೆಯ ಮಕ್ಕಳು ಬೆಳೆದಿದ್ದಾರೆ. ಇನ್ನು ಹಸು, ಎಮ್ಮೆ ಕಟ್ಟಿದ ಮನೆಯವರಿಗೆ ಉಣ್ಣೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಲೀಂ ಅಲಿಯವರು ಹಕ್ಕಿಗಳ ಹಿಂದೆ ಬದುಕು ಸವೆಸಿದವರೆಂಬುದು ಎಲ್ಲರಿಗೂ ಗೊತ್ತು. ಆದರೆ ಅರವತ್ತು ದಾಟಿದ ಮೇಲೆ, ನಮ್ಮದೇ ರಾಜ್ಯದ ಒಂದು ಕಾಡಿನ ದೆಸೆಯಿಂದ, ಅವರು ಉಣ್ಣೆಯ ಬೆನ್ನನ್ನೂ ಹತ್ತಬೇಕಾಯಿತು. ಆ ಸಂಗತಿಯನ್ನು ಹೇಳುವವರು ಕಡಿಮೆ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ತುಂಬಿದ ಮನೆಯ ಕೊನೆಯ ಮಗು. ತಿಳಿವಳಿಕೆ ಬರುವ ಮೊದಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಸಾಕಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ. ಮಾವನಿಗೆ ಬೇಟೆಯ ಹುಚ್ಚು, ಹುಡುಗನ ಕೈಗೂ ಒಂದು ಗಾಳಿಕೋವಿ ಬಂತು. ಒಂದು ದಿನ ಅವನು ಹೊಡೆದ ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇದು ಎಂತಹ ಗುಬ್ಬಚ್ಚಿ ಎಂದು ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಬೀರುಗಳ ಬಾಗಿಲು ತೆರೆದು ಹತ್ತಿ ತುಂಬಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಮಗುವಿನ ಪ್ರಶ್ನೆಗೆ ಹತ್ತು ನಿಮಿಷ ಕೊಟ್ಟ ಆ ದೊಡ್ಡವರಿಗೂ ಈ ಕಥೆಯಲ್ಲಿ ಪಾಲಿದೆ ಎಂದು ಮೇಷ್ಟರಾದ ನನಗೆ ಅನ್ನಿಸುತ್ತದೆ.

ಓದಿನಲ್ಲಿ ಸಲೀಂ ಅಲಿ ಮುಂದಿದ್ದವರಲ್ಲ. ಮೆಟ್ರಿಕ್ಯುಲೇಷನ್ ಹೇಗೋ ದಾಟಿದರು. ಕಾಲೇಜಿಗೆ ಸೇರಿದರೆ ಗಣಿತ ಕೈಕೊಟ್ಟಿತು. ಓದು ಬಿಟ್ಟು ಬರ್ಮಾಕ್ಕೆ ಹೋಗಿ ಮನೆಯವರ ಗಣಿ ಮತ್ತು ಮರದ ವ್ಯಾಪಾರದಲ್ಲಿ ನಿಂತರು. ಅಲ್ಲಿಯೂ ಲೆಕ್ಕಕ್ಕಿಂತ ಕಾಡೇ ಹೆಚ್ಚು ಸೆಳೆಯಿತು. ನಡುವೆ 1918ರಲ್ಲಿ ತೆಹಮಿನಾ ಅವರೊಂದಿಗೆ ಮದುವೆಯಾಯಿತು. ಕೊನೆಗೆ ವ್ಯಾಪಾರ ಮುಳುಗಿ ಬರಿಗೈಯಲ್ಲಿ ಮುಂಬಯಿಗೆ ಮರಳಿದರು. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಹುದ್ದೆಯೊಂದಕ್ಕೆ ಅರ್ಜಿ ಹಾಕಿದಾಗ ವಿಶ್ವವಿದ್ಯಾಲಯದ ಪದವಿ ಇಲ್ಲವೆಂದು ಅದು ಸಿಗಲಿಲ್ಲ. ಹೆಸರಿನ ಹಿಂದಿನ ಡಾಕ್ಟರ್ ಎಂಬುದು ಮುಂದೆ ವಿಶ್ವವಿದ್ಯಾಲಯಗಳು ತಾವಾಗಿಯೇ ಕೊಟ್ಟ ಗೌರವ.

1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಿಸಿ ಹೇಳುವ ಕೆಲಸ ಸಿಕ್ಕಿತು. ಎರಡು ವರ್ಷದ ಮೇಲೆ ರಜೆ ಹಾಕಿ ಜರ್ಮನಿಯ ಬರ್ಲಿನ್‌ಗೆ ಹೋಗಿ ಪ್ರೊಫೆಸರ್ ಸ್ಟ್ರೆಸ್‌ಮನ್ ಅವರ ಬಳಿ ಪಕ್ಷಿಶಾಸ್ತ್ರ ಕಲಿತರು. ಹಕ್ಕಿಯನ್ನು ಹಿಡಿದು, ಕಾಲಿಗೆ ಅಂಕಿಯಿರುವ ಲೋಹದ ಉಂಗುರ ತೊಡಿಸಿ ಬಿಡುವ ವಿದ್ಯೆಯನ್ನು ಕಂಡದ್ದೂ ಆ ದೇಶದಲ್ಲಿಯೇ. 1930ರಲ್ಲಿ ಹಿಂದಿರುಗಿದಾಗ ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಬಾಡಿಗೆ ಕೊಟ್ಟು ಮುಂಬಯಿಯಲ್ಲಿ ಇರಲಾಗದೆ ಗಂಡ ಹೆಂಡತಿ ಸಮುದ್ರತೀರದ ಕಿಹಿಮ್ ಎಂಬ ಹಳ್ಳಿಯಲ್ಲಿ ಮನೆ ಮಾಡಿದರು. ಅಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಕೆಲಸವಿಲ್ಲದ ಮನುಷ್ಯ ಆ ಗೂಡುಗಳ ಎದುರು ದಿನಗಟ್ಟಲೆ ಕುಳಿತ. ಗಂಡು ಗೂಡನ್ನು ಅರ್ಧ ಕಟ್ಟುತ್ತದೆ. ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷಿಸುತ್ತವೆ. ಒಂದು ಹೆಣ್ಣು ಒಪ್ಪಿದರೆ ಮಾತ್ರ ಗಂಡು ಕೊಳವೆಯಂಥ ಬಾಗಿಲನ್ನು ಇಳಿಬಿಟ್ಟು ಗೂಡು ಮುಗಿಸುತ್ತದೆ. ಅವಳು ಮೊಟ್ಟೆಗೆ ಕೂತ ಮೇಲೆ ಅದೇ ಗಂಡು ಪಕ್ಕದಲ್ಲಿ ಇನ್ನೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣಿಗೆ ಕಾಯುತ್ತದೆ. ನಮ್ಮ ಈಚಲು ಮರಗಳಲ್ಲಿ ಹೀಗೇ ನಡೆಯುವುದನ್ನು ನಾವೆಲ್ಲ ಎಷ್ಟು ಸಲ ನೋಡಿಲ್ಲ! ನೋಡಿದ್ದನ್ನು ದಿನಾಂಕ ಹಾಕಿ ಬರೆದಿಟ್ಟವರು ಅವರು. 1931ರಲ್ಲಿ ಅಚ್ಚಾದ ಆ ಬರಹ ಅವರಿಗೆ ಹೆಸರು ತಂದಿತು.

ಮುಂದೆ ಅವರು ದೇಶೀಯ ಸಂಸ್ಥಾನಗಳ ಹಕ್ಕಿಗಳ ಸರ್ವೇಕ್ಷಣೆಗೆ ತೊಡಗಿದರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಹೀಗೆ ಒಂದೊಂದೇ ರಾಜ್ಯ. ಕಾಡಿನ ಬಿಡಾರದಲ್ಲಿ ತೆಹಮಿನಾ ಜೊತೆಗಿರುತ್ತಿದ್ದರು. 1939ರಲ್ಲಿ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ನಂತರ ಆಕೆ ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ಕುಸಿದುಹೋದರು, ಅಕ್ಕನ ಮನೆ ಸೇರಿದರು.

ನಮ್ಮ ಮೈಸೂರು ಸಂಸ್ಥಾನದ ಸರ್ವೇಕ್ಷಣೆ ನಡೆದದ್ದು ಇದರ ಬೆನ್ನಿಗೇ, 1939–40ರಲ್ಲಿ. ಮಲೆನಾಡಿನ ಮಳೆಕಾಡು, ಬಯಲುಸೀಮೆಯ ಕುರುಚಲು, ಬಿಳಿಗಿರಿರಂಗನ ಬೆಟ್ಟ ಎಲ್ಲವೂ ಅದರಲ್ಲಿ ಬಂದವು. ಆ ಕಾಲದ ಪದ್ಧತಿಯಂತೆ ಹಕ್ಕಿಯನ್ನು ಕೋವಿಯಿಂದ ಹೊಡೆದು, ಚರ್ಮ ಬಿಡಿಸಿ, ಹತ್ತಿ ತುಂಬಿ, ಸ್ಥಳ ಮತ್ತು ದಿನಾಂಕದ ಚೀಟಿ ಕಟ್ಟುತ್ತಿದ್ದರು. ಹಕ್ಕಿಪ್ರೇಮಿ ಹಕ್ಕಿಯನ್ನು ಕೊಲ್ಲುವುದೇ ಎಂದು ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಯಾವ ಊರಿನಲ್ಲಿ ಯಾವ ಹಕ್ಕಿಯಿತ್ತು ಎಂಬುದಕ್ಕೆ ಆಗ ಬೇರೆ ಗಟ್ಟಿ ಸಾಕ್ಷಿಯಿರಲಿಲ್ಲ. ಅವರೂ ಅದನ್ನು ಅಡಗಿಸಿದವರಲ್ಲ. ಮೈಸೂರಿನ ಹಕ್ಕಿಗಳ ವಿವರ 1942–43ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಅದಕ್ಕೆ ಟಿಪ್ಪಣಿ ಬರೆದ ಇಂಗ್ಲೆಂಡಿನ ಹ್ಯೂ ವಿಸ್ಲರ್, ನಮ್ಮ ಕೆಮ್ಮಣ್ಣಿನ ನೆಲದ ಬುರ್ಲಿ ಹಕ್ಕಿಯ ಬಣ್ಣ ಬೇರೆಡೆಯದಕ್ಕಿಂತ ಭಿನ್ನವೆಂದು ಕಂಡು ಆ ಉಪಜಾತಿಗೆ ಸಲೀಂ ಅಲಿಯವರ ಹೆಸರನ್ನೇ ಇಟ್ಟರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಮರಿಮಾಡುವುದನ್ನು ಕಂಡು, ಅದನ್ನು ಕಾಪಾಡಬೇಕೆಂದು ಮೈಸೂರು ಅರಸರ ಮನವೊಲಿಸಿದವರೂ ಅವರೇ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಶಾಲಾ ಪ್ರವಾಸದಲ್ಲಿ ಅಲ್ಲಿ ದೋಣಿ ಹತ್ತಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದು ನೆನಪಿರಲಿ.

ಇನ್ನು ಉಣ್ಣೆಯ ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು, ಮುಸಿಯಗಳು ಸತ್ತು ಬೀಳತೊಡಗಿದವು. ಕಾಡಿಗೆ ಸೌದೆಗೆ, ದನ ಮೇಯಿಸಲು ಹೋದ ಜನರಿಗೂ ವಿಪರೀತ ಜ್ವರ, ತಲೆನೋವು, ರಕ್ತಸ್ರಾವ ಬಂದು ಹಲವರು ಸತ್ತರು. ಜನ ಇದನ್ನು ಮಂಗನ ಕಾಯಿಲೆ ಎಂದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಅದು ಹೊಸದೊಂದು ವೈರಸ್ ಎಂದೂ, ಅದನ್ನು ದಾಟಿಸುವುದು ಉಣ್ಣೆ ಎಂದೂ ತಿಳಿಯಿತು. ಮಲೆನಾಡಿನವರು ಇದನ್ನೇ ಉಣುಗು ಎನ್ನುತ್ತಾರೆ. ಇದು ಕೀಟವಲ್ಲ, ಬೆಳೆದ ಉಣ್ಣೆಗೆ ಎಂಟು ಕಾಲು, ಜೇಡ ಮತ್ತು ಚೇಳಿನ ವರ್ಗಕ್ಕೆ ಸೇರಿದ್ದು. ಮೊಟ್ಟೆಯಿಂದ ಬಂದಾಗ ಆರೇ ಕಾಲು, ಒಮ್ಮೆ ಪೊರೆ ಬಿಟ್ಟ ಮೇಲೆ ಎಂಟು. ಕ್ಯಾಸನೂರಿನ ಉಣ್ಣೆ ಮರಿಯಾಗಿದ್ದಾಗ ಇಲಿ, ಹಕ್ಕಿ, ಮಂಗಗಳ ರಕ್ತ ಹೀರಿ, ದೊಡ್ಡದಾದ ಮೇಲೆ ದನಗಳಿಗೆ ಹತ್ತುತ್ತದೆ. ನಡುಪ್ರಾಯದ ಮರಿಯೇ ಮನುಷ್ಯನಿಗೆ ಅಪಾಯ.

ಈ ವೈರಸ್ಸು ರಷ್ಯಾದಲ್ಲಿ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿಯಾಗಿತ್ತು. ಅಷ್ಟು ದೂರದಿಂದ ಸೊರಬಕ್ಕೆ ಹೇಗೆ ಬಂತು? ಚಳಿಗಾಲದಲ್ಲಿ ಉತ್ತರದಿಂದ ಹಾರಿಬರುವ ಹಕ್ಕಿಗಳ ಮೈಮೇಲೆ ಉಣ್ಣೆ ಅಂಟಿಕೊಂಡು ಬಂದಿರಬಹುದು ಎಂಬ ಅನುಮಾನ ಹುಟ್ಟಿತು. ಅಲ್ಲಿಗೆ ಆರೋಪಿ ಸ್ಥಾನದಲ್ಲಿ ಹಕ್ಕಿಯೇ ನಿಂತಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರ ಹೊತ್ತಿಗೆ ಶುರುವಾದ ವಲಸೆ ಹಕ್ಕಿಗಳ ಅಧ್ಯಯನಕ್ಕೆ ಮುಂದಾಳಾದವರು ಸಲೀಂ ಅಲಿ. ಬದುಕಿಡೀ ಪ್ರೀತಿಸಿದ ಜೀವಿಗಳು ಜನರ ಸಾವಿಗೆ ಕಾರಣವೋ ಅಲ್ಲವೋ ಎಂದು ಅವರೇ ಪರೀಕ್ಷಿಸಬೇಕಾಗಿತ್ತು. ಅವರು ಹಿಂಜರಿಯಲಿಲ್ಲ. ಬಿಹಾರದ ಮೀರ್‌ಶಿಕಾರ್ ಎಂಬ ಬೇಟೆಗಾರ ಸಮುದಾಯದವರು ಬಲೆ, ಬೋನುಗಳಿಂದ ಗಾಯವಾಗದಂತೆ ಹಕ್ಕಿ ಹಿಡಿಯುವುದರಲ್ಲಿ ನಿಸ್ಸೀಮರು. ಅವರನ್ನು ಕೆಲಸಕ್ಕೆ ಕರೆತಂದರು. ಹಿಡಿದ ಹಕ್ಕಿಯ ಪುಕ್ಕ ಸರಿಸಿ ಉಣ್ಣೆ ಹುಡುಕಿ ತೆಗೆಯುವುದು, ಕಾಲಿಗೆ ಉಂಗುರ ತೊಡಿಸಿ ಹಾರಿಬಿಡುವುದು. ಸಾವಿರ ಸಾವಿರ ಹಕ್ಕಿಗಳಿಗೆ ಹೀಗೆ ಮಾಡಿದರು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೋವಿಯತ್ ಒಕ್ಕೂಟದಲ್ಲಿ ಸಿಕ್ಕವು, ಹಾರಾಟದ ದಾರಿಗಳು ತಿಳಿದವು.

ಆದರೆ ವಲಸೆ ಹಕ್ಕಿಗಳು ರಷ್ಯಾದಿಂದ ಈ ರೋಗ ತಂದವೆಂಬುದಕ್ಕೆ ಆಗ ಸಾಕ್ಷ್ಯ ಸಿಗಲಿಲ್ಲ. ಮಲೆನಾಡಿನ ಕಾಡಿನಲ್ಲೇ ಉಣ್ಣೆ ಮತ್ತು ಸಣ್ಣ ಪ್ರಾಣಿಗಳ ನಡುವೆ ಅದು ಮೊದಲಿಂದ ಇದ್ದಿರಬೇಕು, ಕಾಡು ಕಡಿದು ಜನ ದನ ಒಳಹೊಕ್ಕಾಗ ಹೊರಬಿದ್ದಿತು ಎಂಬ ಅಭಿಪ್ರಾಯ ಬಲವಾಯಿತು.

ಕೆಲಸ ಸುಮ್ಮನೆ ಮುಗಿಯಲಿಲ್ಲ. ಮುಂದಿನ ಹಂತದಲ್ಲಿ ಅಮೆರಿಕದ ಸೈನ್ಯಕ್ಕೆ ಸಂಬಂಧಿಸಿದ ಹಣವೂ ಬಂದಿದ್ದರಿಂದ, ರೋಗಾಣು ಯುದ್ಧದ ತಯಾರಿಗೆ ಹಕ್ಕಿಗಳನ್ನು ಬಳಸಲಾಗುತ್ತಿದೆ ಎಂಬ ಆಪಾದನೆ 1970ರ ದಶಕದಲ್ಲಿ ಎದ್ದಿತು. ಸಲೀಂ ಅಲಿ ಇದನ್ನು ಅಲ್ಲಗಳೆದರು, ತುಂಬ ನೊಂದರು. ಹಣದ ಮೂಲವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕಿತ್ತು ಎಂದು ನನಗೂ ತೋರುತ್ತದೆ. ಆದರೆ ಬಲೆಯ ಬಳಿ ಬೆಳಗಿನ ಜಾವ ಕೂತವರ ಕೆಲಸ ಅದರಿಂದ ಸುಳ್ಳಾಗುವುದಿಲ್ಲ.

ಹಕ್ಕಿಗಳ ಬಗ್ಗೆ ಅವರು 1941ರಲ್ಲಿ ಬರೆದ ಪುಸ್ತಕ ಸಾಮಾನ್ಯರ ಕೈಗೆ ಬಂದ ಮೊದಲ ಒಳ್ಳೆಯ ಕೈಪಿಡಿಗಳಲ್ಲೊಂದು. ಅಮೆರಿಕದ ಡಿಲ್ಲನ್ ರಿಪ್ಲಿ ಜೊತೆ ಸೇರಿ 1968ರಿಂದ 1974ರವರೆಗೆ ಹತ್ತು ಸಂಪುಟಗಳ ಮಹಾಗ್ರಂಥ ಹೊರತಂದರು. ಪದ್ಮಭೂಷಣ, ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ನಾಮಕರಣ ಎಲ್ಲವೂ ಬಂದವು. ಗೆಟ್ಟಿ ಪ್ರಶಸ್ತಿಯಾಗಿ ಬಂದ ದೊಡ್ಡ ಮೊತ್ತವನ್ನು ಸೊಸೈಟಿಗೇ ಕೊಟ್ಟರು. 1987ರ ಜೂನ್ 20ರಂದು ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮಂಗನ ಕಾಯಿಲೆಗೆ ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ ತಯಾರಿಸಿದ ಲಸಿಕೆಯನ್ನು ಮಲೆನಾಡಿನ ಜನರಿಗೆ ಹಲವು ವರ್ಷ ಕೊಟ್ಟರು. ಅದನ್ನು ತಯಾರಿಸುತ್ತಿದ್ದುದು ನಮ್ಮ ಹೆಬ್ಬಾಳದಲ್ಲೇ, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ. ಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕೂತು ನಾವು ಹೆಬ್ಬಾಳ ದಾಟಿದ್ದೇ ದಾಟಿದ್ದು. ಸೊರಬದ ಕಾಡಿಗೂ ನಮ್ಮೂರಿಗೂ ಹೀಗೊಂದು ನಂಟಿದೆ ಎಂದು ನನಗೂ ಬಹಳ ತಡವಾಗಿಯೇ ತಿಳಿಯಿತು.

ಇನ್ನೊಂದು ಮಾತು ಮಕ್ಕಳಿಗೆ. ಪುಟ್ಟೇನಹಳ್ಳಿ ಕೆರೆಯಲ್ಲಾಗಲಿ ಜಕ್ಕೂರಿನಲ್ಲಾಗಲಿ ಕಾಲಿಗೆ ಉಂಗುರವಿರುವ ಹಕ್ಕಿ, ಸತ್ತದ್ದೇ ಆದರೂ, ಕಣ್ಣಿಗೆ ಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಉಂಗುರದ ಅಂಕಿಗಳನ್ನು, ದಿನಾಂಕವನ್ನು, ಸ್ಥಳವನ್ನು ಬರೆದುಕೊಂಡು ಶಾಲೆಯ ವಿಜ್ಞಾನದ ಮೇಷ್ಟರಿಗೆ ಕೊಡಿ. ಯಾರಿಗೆ ತಿಳಿಸಬೇಕು ಎಂಬುದು ಉಂಗುರದ ಮೇಲೆಯೇ ಕೊರೆದಿರುತ್ತದೆ.